ಕಾಳು ಹೆಚ್ಚಿದ ದನಕ್ಕೆ ಸೋಡಾವೋ, ಒಣಮೇವೋ, ಮೊನೆನ್ಸಿನ್ನೋ?

ಗೋಧಿ, ಬಾರ್ಲಿ, ಮೆಕ್ಕೆಜೋಳ ಹೆಚ್ಚಾದರೆ ದನದ ಮೊದಲ ಹೊಟ್ಟೆಯಲ್ಲಿ ಪಿಷ್ಟ ಬೇಗ ಹುದುಗಿ ಆಮ್ಲ ತುಂಬಿಕೊಳ್ಳುತ್ತದೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ದಿನವೂ ಗಂಟೆಗಟ್ಟಲೆ 5.5ರ ಆಸುಪಾಸಿನಲ್ಲೇ ಉಳಿದರೆ ಮೆಲುಕು ತಗ್ಗುತ್ತದೆ, ಸಗಣಿ ತೆಳುವಾಗುತ್ತದೆ, ಹಾಲಿನ ಕೊಬ್ಬು ಇಳಿಯುತ್ತದೆ. ಗೊರಸಿನ ನೋವು ತಡವಾಗಿ ಕಾಣಿಸುತ್ತದೆ.

ನನ್ನ ಮೊದಲ ಆಯ್ಕೆ ಉದ್ದನೆಯ ಒಣಮೇವು. ಅದನ್ನು ಅಗಿಯುವಾಗ, ಮೆಲುಕು ಹಾಕುವಾಗ ಜೊಲ್ಲು ಸುರಿಯುತ್ತದೆ. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸಬಲ್ಲದು, ಅದರಲ್ಲೇ ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ ಇದೆ. ಮೇವನ್ನು ತೀರಾ ಸಣ್ಣಗೆ ಕತ್ತರಿಸಿದರೆ ಈ ಲಾಭವಿಲ್ಲ. ಕೊರತೆಯೂ ಇದೆ: ಮೇವು ಹೆಚ್ಚಿದಷ್ಟು ತಿನಿಸಿನ ಶಕ್ತಿ ಕಡಿಮೆ, ಹಾಗಾಗಿ ತೂಕ ಏರುವುದು ನಿಧಾನ.

ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ಬೇಗ ಕೆಲಸ ಮಾಡುತ್ತದೆ. ಒಣತೂಕದ ಲೆಕ್ಕದಲ್ಲಿ ತಿನಿಸಿನ ಸುಮಾರು ಶೇ. 0.75ರಿಂದ 1ರಷ್ಟು ಸಾಕು. ಆದರೆ ನಾರಿಲ್ಲದ ತಿನಿಸನ್ನು ಅದೊಂದೇ ಸರಿಪಡಿಸಲಾರದು.

ಮೊನೆನ್ಸಿನ್ ತಿನಿಸಿಗೆ ಬೆರೆಸುವ ಔಷಧ, ಅದು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ. ಮಾಂಸಕ್ಕಾಗಿ ಸಾಕುವ ದೊಡ್ಡ ಮಂದೆಗೆ ಒಪ್ಪುತ್ತದೆ, ಅದೂ ಕಾನೂನು ಬಿಡುವಲ್ಲಿ, ಪಶುವೈದ್ಯರು ಹೇಳಿದ ಅಳತೆಯಲ್ಲಿ ಮಾತ್ರ. ಕೊಟ್ಟಿಗೆಯ ಬಳಿ ಕುದುರೆ ಇದ್ದರೆ ದಯವಿಟ್ಟು ಬೇಡ. ಸ್ವಲ್ಪವೇ ತಿಂದರೂ ಸಾಯಬಹುದು.

ಯಾವುದನ್ನು ಆರಿಸಿದರೂ ಕಾಳನ್ನು ಎರಡು ಮೂರು ವಾರಗಳಲ್ಲಿ ಹಂತಹಂತವಾಗಿಯೇ ಏರಿಸಿ. ದನ ಕಾಳಿನ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ಬಿರಿಯೆ ತಿಂದಿದ್ದರೆ ಈ ಮೂರನ್ನೂ ಬಿಟ್ಟು ತಕ್ಷಣ ಪಶುವೈದ್ಯರನ್ನು ಕರೆಯಿರಿ.