ಗೊತ್ತಿಲ್ಲದ ಕ್ಯಾಡ್ ಫೈಲ್ ತೆರೆಯಲು ಯಾವ ದಾರಿ ಒಳ್ಳೆಯದು: ಬಳಸಿ ನೋಡಿದ ಹೋಲಿಕೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ತಾರಿಹಾಳದಲ್ಲಾಗಲಿ ಜಾಬ್‌ವರ್ಕ್ ಮಾಡುವ ಶೆಡ್‌ಗಳಿಗೆ ಕ್ಯಾಡ್ ಫೈಲ್, ಅಂದರೆ ಕಂಪ್ಯೂಟರಿನಲ್ಲಿ ಬರೆದ ಡ್ರಾಯಿಂಗ್, ಇಂಥದ್ದೇ ರೂಪದಲ್ಲಿ ಬರಬೇಕೆಂಬ ನಿಯಮವಿಲ್ಲ. ವಾಲ್ವಿನ ಭಾಗ ಮಾಡಿಸುವವರು ಮೂರು ಆಯಾಮದ ಸ್ಟೆಪ್ ಫೈಲ್ ಕಳಿಸುತ್ತಾರೆ, ಗ್ರಿಲ್ ಮಾಡಿಸುವ ಆರ್ಕಿಟೆಕ್ಟ್ ಆಟೋಕ್ಯಾಡಿನ ಡಿಡಬ್ಲ್ಯೂಜಿ ಕೊಡುತ್ತಾರೆ, ಇಂಜಿನಿಯರಿಂಗ್ ಓದುವ ಹುಡುಗರು 3ಡಿ ಪ್ರಿಂಟಿಗೆ ಬಳಸುವ ಎಸ್‌ಟಿಎಲ್ ಹಿಡಿದು ಬರುತ್ತಾರೆ. "ಸರ, ಫೈಲ್ ಓಪನ್ ಆಗವಲ್ದು ರೀ" ಎಂಬ ಫೋನ್ ನನಗೆ ಬರುವುದು ಇಂಥ ಸಂದರ್ಭಗಳಲ್ಲೇ. ದುಬಾರಿ ಸಾಫ್ಟ್‌ವೇರಿನ ವಾರ್ಷಿಕ ಚಂದಾ ಕಟ್ಟಲಾಗದ ಸಣ್ಣ ಘಟಕಕ್ಕೆ ಯಾವ ದಾರಿ ಹೊಂದುತ್ತದೆ ಎಂಬುದನ್ನು ಬಳಸಿ ನೋಡಿ ಇಲ್ಲಿ ಬರೆದಿದ್ದೇನೆ. ಫೈಲ್ ತೆರೆಯಿತೇ ಎಂಬುದಕ್ಕಿಂತ, ತೆರೆದ ಮೇಲೆ ಕಂಡದ್ದು ಕಳಿಸಿದವರು ಬರೆದ ಡ್ರಾಯಿಂಗೇ ಹೌದೇ ಎಂಬುದನ್ನು ನಾನು ಮುಖ್ಯವಾಗಿ ಪರೀಕ್ಷಿಸಿದ್ದೇನೆ.

ಯಾವ ಸಾಫ್ಟ್‌ವೇರನ್ನೂ ಇಳಿಸಿಕೊಳ್ಳುವ ಮೊದಲು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲು ನೋಡುವುದು ಒಳ್ಳೆಯದು. ಡಿಡಬ್ಲ್ಯೂಜಿ ಆಗಿದ್ದರೆ ಆರಂಭದ ಆರು ಅಕ್ಷರಗಳು ಅದರ ಆವೃತ್ತಿಯನ್ನು ಹೇಳುತ್ತವೆ: ಎಸಿ1015 ಇದ್ದರೆ ಆಟೋಕ್ಯಾಡ್ 2000ರ ರೂಪ, ಎಸಿ1027 ಇದ್ದರೆ 2013ರದು, ಎಸಿ1032 ಇದ್ದರೆ 2018ರದು. ಸ್ಟೆಪ್ ಫೈಲ್ ಐಎಸ್ಒ-10303-21 ಎಂದು ಆರಂಭವಾಗುತ್ತದೆ. ಅದಕ್ಕೆ ಸ್ವಲ್ಪ ಕೆಳಗೆ ಅದನ್ನು ಬರೆದ ಸಾಫ್ಟ್‌ವೇರಿನ ಹೆಸರೂ ಸಾಮಾನ್ಯವಾಗಿ ಸಿಗುತ್ತದೆ. "ಓಪನ್ ಆಗವಲ್ದು" ಎಂಬ ದೂರುಗಳಲ್ಲಿ ಬಹಳಷ್ಟು, ಹಳೆಯ ಸಾಫ್ಟ್‌ವೇರಿನಲ್ಲಿ ಹೊಸ ಆವೃತ್ತಿಯ ಫೈಲ್ ತೆರೆಯಲು ಹೋದ ಕಾರಣಕ್ಕೆ ಬಂದವು.

ಡಿಡಬ್ಲ್ಯೂಜಿ ತೆರೆಯಲು ನಾನು ಹೋಲಿಸಿದ್ದು ಎರಡು ಉಚಿತ ದಾರಿಗಳನ್ನು. ಮೊದಲನೆಯದು ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್‌ನದೇ ಆದ ಡಿಡಬ್ಲ್ಯೂಜಿ ಟ್ರೂವ್ಯೂ. ಲೇಯರ್ (ಪದರ), ಹ್ಯಾಚ್ (ಜಾಗ ತುಂಬುವ ಗೆರೆಗಳು), ಅಳತೆಗಳು ಇದರಲ್ಲಿ ಮೂಲದಲ್ಲಿದ್ದಂತೆಯೇ ಕಾಣುತ್ತವೆ. ಅಳೆಯಬಹುದು, ಪ್ರಿಂಟ್ ತೆಗೆಯಬಹುದು, ಹೊಸ ಆವೃತ್ತಿಯ ಫೈಲನ್ನು ಹಳೆಯ ಆವೃತ್ತಿಗೆ ಇಳಿಸಬಹುದು. ಆದರೆ ಒಂದು ಗೆರೆಯನ್ನೂ ತಿದ್ದಲಾಗದು, ಮತ್ತು ವಿಂಡೋಸ್ ಇರಲೇಬೇಕು. ಎರಡನೆಯದು ಒಡಿಎ ಫೈಲ್ ಕನ್ವರ್ಟರ್ ಎಂಬ ಸಾಧನದಿಂದ ಡಿಎಕ್ಸ್ಎಫ್ ಎಂಬ ವಿನಿಮಯ ರೂಪಕ್ಕೆ ಬದಲಿಸಿಕೊಂಡು, ಎರಡು ಆಯಾಮದ ಡ್ರಾಯಿಂಗಿನ ಸಾಫ್ಟ್‌ವೇರಾದ ಲಿಬ್ರೆಕ್ಯಾಡಿನಲ್ಲಿ ತೆರೆಯುವುದು. ಈ ಕನ್ವರ್ಟರ್ ಲಿನಕ್ಸಿನಲ್ಲೂ ನಡೆಯುತ್ತದೆ. ಇದು ಒಂದೊಂದೇ ಫೈಲನ್ನು ಕೇಳದೆ ಫೋಲ್ಡರನ್ನೇ ಕೇಳುವುದರಿಂದ, ಒಂದು ಕಟ್ಟಡದ ಅಷ್ಟೂ ಡ್ರಾಯಿಂಗ್‌ಗಳು ಒಮ್ಮೆಲೇ ಬದಲಾಗಿ ಬರುತ್ತವೆ. ಲೇಸರ್ ಕಟಿಂಗಿಗೆ ಹೊರಗೆರೆ ಬೇಕಾದಾಗ ನಾನು ಹಿಡಿಯುವುದು ಈ ದಾರಿಯನ್ನೇ.

ಈ ಎರಡನೆಯ ದಾರಿಯ ದೊಡ್ಡ ಕೊರತೆ ಕಾಣುವುದು ಕನ್ನಡದ ಬರಹದಲ್ಲಿ. ನಮ್ಮ ಕಡೆಯ ನಕ್ಷೆಗಳಲ್ಲಿ ಸೈಟಿನ ಚೆಕ್‌ಬಂದಿ, ಮಾಲೀಕರ ಹೆಸರು, ಕೋಣೆಗಳ ಹೆಸರು ಇನ್ನೂ ಹಲವು ಸಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿರುತ್ತವೆ. ಫೈಲಿನೊಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟಿನ ಕೆಲಸ. ಲಿಬ್ರೆಕ್ಯಾಡ್ ತನ್ನದೇ ಬಗೆಯ ಫಾಂಟುಗಳನ್ನು ಬಳಸುವುದರಿಂದ, ಕನ್ನಡ ಇರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಅದೇ ಫೈಲನ್ನು, ನುಡಿ ಫಾಂಟ್ ಹಾಕಿದ ವಿಂಡೋಸ್ ಯಂತ್ರದಲ್ಲಿ ಟ್ರೂವ್ಯೂ ಮೂಲಕ ತೆರೆದರೆ ಚೆಕ್‌ಬಂದಿ ಸ್ವಚ್ಛವಾಗಿ ಓದಲು ಸಿಗುತ್ತದೆ. ಆದ್ದರಿಂದ ಕನ್ನಡ ಬರಹವಿರುವ ನಕ್ಷೆಗೆ ಟ್ರೂವ್ಯೂವೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಮೂರು ಆಯಾಮದ ಫೈಲುಗಳಿಗೆ ನಾನು ಬಳಸುವುದು ಫ್ರೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್. ಇಲ್ಲಿ ಪೈಪೋಟಿ ಇರುವುದು ಸಾಫ್ಟ್‌ವೇರುಗಳ ನಡುವೆ ಅಲ್ಲ, ಬರುವ ಫೈಲುಗಳ ನಡುವೆ. ಒಂದೇ ಫ್ಲ್ಯಾಂಜನ್ನು (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಬಿಲ್ಲೆ) ಸ್ಟೆಪ್, ಐಜಿಇಎಸ್, ಎಸ್‌ಟಿಎಲ್ ಮೂರರಲ್ಲೂ ತರಿಸಿಕೊಂಡು ತೆರೆದಾಗ ವ್ಯತ್ಯಾಸ ಸ್ಪಷ್ಟವಾಯಿತು. ಸ್ಟೆಪ್‌ನಲ್ಲಿ ಅದು ಘನವಸ್ತುವಾಗಿಯೇ ಬಂತು. ಬೋಲ್ಟ್ ರಂಧ್ರದ ಅಂಚನ್ನು ಒತ್ತಿದರೆ ವ್ಯಾಸವೂ ಕೇಂದ್ರವೂ ಸಿಕ್ಕವು. ಅದನ್ನು ಕಟ್ಟಿದ ಹಂತಗಳು ಮಾತ್ರ ಬರಲಿಲ್ಲ, ಸ್ಟೆಪ್‌ನಲ್ಲಿ ಸಾಮಾನ್ಯವಾಗಿ ಅವು ಬರುವುದೂ ಇಲ್ಲ. 1980ರ ಹೊತ್ತಿನ ರೂಪವಾದ ಐಜಿಇಎಸ್‌ನಲ್ಲಿ ಅದೇ ಫ್ಲ್ಯಾಂಜ್ ಬಿಡಿ ಬಿಡಿ ಮೇಲ್ಮೈಗಳಾಗಿ ಬಂತು, ಅವುಗಳನ್ನು ಹೊಲಿದು ಘನ ಮಾಡುವ ಕೆಲಸ ನಮ್ಮ ಪಾಲಿಗೆ ಉಳಿಯಿತು. ಎಸ್‌ಟಿಎಲ್‌ನಲ್ಲಿ ಇರುವುದು ತ್ರಿಕೋನಗಳು ಮಾತ್ರ. ದುಂಡಗಿನ ರಂಧ್ರ ಅಲ್ಲಿ ಹಲವು ಮುಖಗಳ ಬಹುಭುಜವಾಗಿರುತ್ತದೆ, ಎದುರುಬದುರು ಸಮತಲಗಳ ನಡುವೆ ಅಳೆದರೆ ವ್ಯಾಸ ಕಡಿಮೆ ಬರುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು, ಆ ಫೈಲಿನಲ್ಲಿ ಅಳತೆಯ ಮಾನವೇ ದಾಖಲಾಗಿರುವುದಿಲ್ಲ ಎಂಬುದು. ಇಂಚಿನಲ್ಲಿ ಮಾಡಿದ 2 ಇಂಚಿನ ಭಾಗ ನಮ್ಮ ಪರದೆಯ ಮೇಲೆ 2 ಮಿಲಿಮೀಟರ್ ಆಗಿ ಕುಳಿತಿರುತ್ತದೆ, 25.4ರಿಂದ ಗುಣಿಸಬೇಕೆಂದು ತಿಳಿಯಲು ಒಂದು ಅಳತೆಯಾದರೂ ಮೊದಲೇ ಗೊತ್ತಿರಬೇಕು. 3ಡಿ ಪ್ರಿಂಟಿಗೆ ಎಸ್‌ಟಿಎಲ್ ಸಾಕು. ಲೇತ್ ಮತ್ತು ಮಿಲ್ಲಿಂಗ್ ಕೆಲಸಕ್ಕೆ ಅದನ್ನು ಒಪ್ಪಿಕೊಳ್ಳಬೇಡಿ.

ಸ್ಟೆಪ್ ಗೆದ್ದಿತು ಎಂದರೂ ಅದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಮೂಲದಲ್ಲಿ ಎಂ10 ಥ್ರೆಡ್ (10 ಮಿಲಿಮೀಟರ್ ಬೋಲ್ಟಿನ ಮರೆ) ಎಂದು ಗುರುತಿಸಿದ ರಂಧ್ರ ಸ್ಟೆಪ್‌ನಲ್ಲಿ ಹೆಚ್ಚಾಗಿ 8.5 ಮಿಲಿಮೀಟರಿನ ನುಣುಪಾದ ರಂಧ್ರವಾಗಿ ಬರುತ್ತದೆ, ಟ್ಯಾಪ್ ಹಾಕಿ ಥ್ರೆಡ್ ಕೊರೆಯಬೇಕೆಂಬ ಸುಳಿವೇ ಅದರಲ್ಲಿ ಇರುವುದಿಲ್ಲ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಮಾಹಿತಿಯನ್ನು ಹೊರಬಲ್ಲ ಎಪಿ242 ಎಂಬ ಸ್ಟೆಪ್ ರೂಪ 2014ರಿಂದ ಇದೆಯಾದರೂ ನಮ್ಮ ಕೈಗೆ ಬರುವ ಫೈಲುಗಳು ಬಹುತೇಕ ಹಳೆಯ ರೂಪಗಳಾದ ಎಪಿ203 ಅಥವಾ ಎಪಿ214. ಹೀಗಾಗಿ ಸ್ಟೆಪ್ ಜೊತೆಗೆ ಅಳತೆ ಬರೆದ ಪಿಡಿಎಫ್ ಇಲ್ಲದೆ ಆರ್ಡರ್ ಹಿಡಿಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಆನ್‌ಲೈನಿನಲ್ಲಿ ಫೈಲ್ ಬದಲಿಸಿಕೊಡುವ ತಾಣಗಳು ಬೇಗ ಕೆಲಸ ಮಾಡುತ್ತವೆ. ಆದರೆ ಗ್ರಾಹಕರ ವಿನ್ಯಾಸವನ್ನು ಅವರ ಅನುಮತಿಯಿಲ್ಲದೆ ಬೇರೆಯವರ ಸರ್ವರಿಗೆ ಏರಿಸುವುದು ತಪ್ಪು, ಆ ಕಾರಣಕ್ಕೆ ಅವುಗಳನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ.

ಉಳಿದದ್ದು ಆಯಾ ಕಂಪನಿಯ ಸ್ವಂತ ರೂಪಗಳು. ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ಸಾಫ್ಟ್‌ವೇರಿನ ಫೈಲನ್ನು ನೋಡಲಷ್ಟೇ ಆದರೆ ಉಚಿತವಾದ ಇಡ್ರಾಯಿಂಗ್ಸ್ ವ್ಯೂವರ್ ಸಾಕು. ಪಿಆರ್‌ಟಿ ಎಂದು ಮುಗಿಯುವ ಫೈಲ್ ಬಂದರೆ ಮೊದಲು ಕೇಳಿ ತಿಳಿಯಬೇಕು, ಏಕೆಂದರೆ ಎನ್‌ಎಕ್ಸ್ ಮತ್ತು ಕ್ರಿಯೊ ಎಂಬ ಕ್ಯಾಡ್ ಸಾಫ್ಟ್‌ವೇರುಗಳು ಎರಡೂ ಅದೇ ಎಕ್ಸ್‌ಟೆನ್ಶನ್ ಬಳಸುತ್ತವೆ. ಹೆಸರಿನ ಕೊನೆಗೆ ಚುಕ್ಕಿ ಹಾಕಿ 1, 2, 3 ಎಂಬ ಅಂಕಿ ಇದ್ದರೆ ಅದು ಕ್ರಿಯೊದ್ದು ಎಂದು ಬಹುಮಟ್ಟಿಗೆ ಹೇಳಬಹುದು. ಎರಡರಲ್ಲೂ ಸ್ಟೆಪ್ ಆಗಿ ಉಳಿಸುವ ಸೌಲಭ್ಯವಿದೆ. ಅದನ್ನೇ ಕಳಿಸಿ ಎಂದು ಕೇಳಲು ಸಣ್ಣ ಘಟಕದವರು ಸಂಕೋಚಪಡುವುದನ್ನು ನೋಡಿದ್ದೇನೆ. ಕೇಳಿದರೆ ಹೆಚ್ಚಿನ ಗ್ರಾಹಕರು ಅದೇ ದಿನ ಕಳಿಸುತ್ತಾರೆ.