ಕಡಪ ಕಲ್ಲಿನ ಅಡುಗೆ ಕಟ್ಟೆಗೆ ಲ್ಯಾಕರೋ, ಕೊಬ್ಬರಿ ಎಣ್ಣೆಯೋ, ಸೀಲರೋ?

ದಾವಣಗೆರೆಯ ನಮ್ಮ ಮನೆಯ ಅಡುಗೆ ಕಟ್ಟೆ ಕಡಪ ಕಲ್ಲಿನದು, ಪಾಲಿಶ್ ಇಲ್ಲದ್ದು. ಎಣ್ಣೆ, ಅರಿಶಿನ ಏನು ಚೆಲ್ಲಿದರೂ ಕುಡಿದುಬಿಡುತ್ತಿತ್ತು. ಎರಡು ವರ್ಷದಲ್ಲಿ ಮೂರು ಉಪಾಯ ಮಾಡಿ ನೋಡಿದೆ. ಕಲ್ಲಿನ ಒಳಗಿಳಿಯುವ ಸೀಲರ್ ಬಿಟ್ಟು ಬೇರೆ ಯಾವುದನ್ನೂ ಇನ್ನು ಮುಟ್ಟುವುದಿಲ್ಲ.

ಮೊದಲು ಹಾಕಿಸಿದ್ದು ಲ್ಯಾಕರ್. "ಗಾಜಿನ ಹಾಗೆ ಮಿಂಚುತ್ತೆ ನೋಡಿ ಅಕ್ಕಾ" ಅಂದಿದ್ದರು ಮೇಸ್ತ್ರಿ. ಮಿಂಚಿದ್ದು ನಿಜ. ಆದರೆ ಅದು ಕಲ್ಲಿನ ಮೇಲೆ ಕೂರುವ ಪದರ ಅಷ್ಟೇ. ಭಾನುವಾರ ನಮ್ಮಲ್ಲಿ ಬೆಣ್ಣೆ ದೋಸೆ. ಕಾದ ಹಂಚನ್ನು ಇಳಿಸಿ ಕಟ್ಟೆ ಮೇಲಿಡುವುದು ನನಗೆ ಮೊದಲಿಂದಲೂ ರೂಢಿ. ಒಂದೇ ಸಲ ಇಟ್ಟೆ, ದುಂಡಗೆ ಬೆಳ್ಳನೆ ಗುರುತು ಎದ್ದಿತು. ಆಮೇಲೆ ಸಿಂಕ್ ಪಕ್ಕ ಪದರದ ಅಡಿಗೆ ನೀರು ಹೊಕ್ಕು ಮಂಜು ಕವಿದ ಹಾಗಾಯಿತು. ಉಗುರಿನಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಚಪಾತಿ ಲಟ್ಟಿಸುವ ಜಾಗ ಅಲ್ವಾ ಅದು? ಆ ಚೂರು ಹಿಟ್ಟಿಗೆ ಸೇರಿದರೆ ಅಂತ ನನಗೆ ದಿನವೂ ಅದೇ ಚಿಂತೆ.

ತೆಗೆಯುವುದು ಹಾಕಿಸಿದ್ದಕ್ಕಿಂತ ದೊಡ್ಡ ಕೆಲಸ. ಸಿಲಿಂಡರ್, ಒಲೆ ಎರಡನ್ನೂ ಹೊರಗಿಟ್ಟು, ಕಿಟಕಿ ತೆರೆದು, ತಿನ್ನರ್‌ನಲ್ಲಿ ಅದ್ದಿದ ಬಟ್ಟೆ ಹಾಸುವುದು, ಮೆತ್ತಗಾದ ಮೇಲೆ ಒರೆಸುವುದು, ಮತ್ತೆ ಹಾಸುವುದು. ಎರಡು ದಿನ ಹಿಡಿಯಿತು. ಆ ಎರಡು ದಿನ ಮಕ್ಕಳಿಗೆ ಸಂಜೆ ಮಂಡಕ್ಕಿ ಮಿರ್ಚಿಯೇ ಊಟ.

ಕೊಬ್ಬರಿ ಎಣ್ಣೆ ನಮ್ಮ ಅತ್ತೆ ಹೇಳಿದ್ದು. ಖರ್ಚಿಲ್ಲ, ಹಚ್ಚಿದ ದಿನ ಕಲ್ಲು ಕಪ್ಪಗೆ ಚೆಂದ. ವಾರಕ್ಕೆ ಮಂಕಾಗುತ್ತದೆ, ಧೂಳೂ ಜಾಸ್ತಿ ಹಿಡಿಯುತ್ತದೆ.

ಸೀಲರ್ ಅರ್ಧ ಲೀಟರ್‌ಗೆ 800 ರೂಪಾಯಿ ಕೊಟ್ಟೆ. ಕಟ್ಟೆಗೆ ಎರಡು ಸಲ ಹಚ್ಚಿಯೂ ಉಳಿಯಿತು. ಅಡುಗೆ ಕಟ್ಟೆಗೆ ಆಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರುವುದನ್ನೇ ತಂದೆ. ಮೊದಲು ಕಲ್ಲನ್ನು ತೊಳೆದು ಒಂದು ದಿನ ಪೂರ್ತಿ ಒಣಗಿಸಬೇಕು. ಹಚ್ಚಿ ಹತ್ತು ನಿಮಿಷದೊಳಗೆ ಮೇಲೆ ಉಳಿದದ್ದನ್ನೆಲ್ಲ ಒರೆಸಬೇಕು. ಫೋನ್ ಬಂತೆಂದು ನಾನು ಒಂದು ಮೂಲೆ ಬಿಟ್ಟೆ, ಅಲ್ಲಿ ಅಂಟು ಕಟ್ಟಿತು. ಅದೇ ಸೀಲರನ್ನು ಸ್ವಲ್ಪ ಸವರಿ ತಿಕ್ಕಿದಾಗ ಬಿಟ್ಟಿತು.

ಒಂದು ಮಾತ್ರ ನೆನಪಿರಲಿ. ಕಡಪ ಅಂದರೆ ಸುಣ್ಣದ ಕಲ್ಲು. ನಿಂಬೆರಸ, ಹುಣಸೆ ನೀರು ಬಿದ್ದರೆ ಕಲ್ಲೇ ಸವೆದು ಮಂಕು ಕಲೆ ಆಗುತ್ತದೆ. ಸೀಲರ್ ತಡೆಯುವುದು ಎಣ್ಣೆ, ಅರಿಶಿನದ ಕಲೆಯನ್ನು, ಹುಳಿಯನ್ನಲ್ಲ. ಹುಳಿ ಚೆಲ್ಲಿದರೆ ತಕ್ಷಣ ಒರೆಸಲೇಬೇಕು. ಗ್ರಾನೈಟ್ ಇದ್ದವರಿಗೆ ಈ ತಾಪತ್ರಯ ಕಡಿಮೆ.

ಹಂಚಿಗೆ ಈಗ ಮರದ ಮಣೆ ಇಟ್ಟಿದ್ದೇನೆ. ಮರೆತು ಕಲ್ಲಿನ ಮೇಲೇ ಇಟ್ಟ ದಿನವೂ ಬಿಳಿ ಗುರುತು ಎದ್ದಿಲ್ಲ. ಆಗಾಗ ನಾಲ್ಕು ಹನಿ ನೀರು ಹಾಕಿ ಹತ್ತು ನಿಮಿಷ ಬಿಡುತ್ತೇನೆ. ಒರೆಸಿದಾಗ ಅಡಿಯ ಕಲ್ಲು ಕಪ್ಪಾಗಿದ್ದರೆ ಮತ್ತೆ ಹಚ್ಚಬೇಕು. ಮೊನ್ನೆ ನೋಡಿದೆ, ಹನಿ ಇನ್ನೂ ಕೆಸುವಿನ ಎಲೆ ಮೇಲಿನಂತೆ ದುಂಡಗೇ ನಿಂತಿತ್ತು.