ಆರು ತಿಂಗಳು ಒಂದು ಸ್ಕಿಲ್ ಫೈಲ್ ಜೊತೆ: ಕರಡು ತಿದ್ದುವವಳ ವಿಮರ್ಶೆ

ಎಐ ಸಹಾಯಕಕ್ಕೆ ಅಂತ ನಾನು ಬರೆದಿಟ್ಟ ಸೂಚನೆಗಳ ಫೈಲ್, ಅಂದರೆ ಸ್ಕಿಲ್ ಫೈಲ್, ಮೊದಲ ಮೂರು ವಾರ ಏಳಲೇ ಇಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಧಾರವಾಡದಲ್ಲಿ ಕೂತು ಕರಡು ತಿದ್ದುವವಳು. ಸಣ್ಣ ಪ್ರಕಾಶಕರ ಕತೆ ಪುಸ್ತಕ, ಶಾಲೆಗಳ ಸ್ಮರಣ ಸಂಚಿಕೆ, ನಿವೃತ್ತ ಮೇಷ್ಟ್ರುಗಳ ಅಭಿನಂದನ ಗ್ರಂಥ, ಏನು ಬಂದರೂ ಸೈ. ಪುಟಕ್ಕೆ 20 ರೂಪಾಯಿ. ಎಐ ಸಹಾಯಕಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 2000 ಕಟ್ಟುತ್ತೇನೆ. ಅಂದರೆ ತಿಂಗಳ ಮೊದಲ 100 ಪುಟ ಅದರ ಹೊಟ್ಟೆಗೇ ಹೋಗುತ್ತದೆ. ಹಾಗಾಗಿ ನನ್ನದು ಸ್ವಲ್ಪ ಜಿಪುಣಿಯ ತೀರ್ಪು, ಬೇಜಾರು ಮಾಡ್ಕೋಬೇಡಿ.

ಯಾವ ಸಹಾಯಕ ಅಂತ ಹೇಳುವುದಿಲ್ಲ. ನಾನು ಬರೆಯುತ್ತಿರುವುದು ಸ್ಕಿಲ್ ಎಂಬ ವಿಧಾನದ ಬಗ್ಗೆ. ಆಂಥ್ರೊಪಿಕ್ ಎಂಬ ಎಐ ಕಂಪನಿ ಇದನ್ನು 2025ರ ಅಕ್ಟೋಬರಿನಲ್ಲಿ ತಂದಿತು, ಡಿಸೆಂಬರಿನಲ್ಲಿ ಯಾರು ಬೇಕಾದರೂ ಬಳಸಲಿ ಎಂದು ಮುಕ್ತ ಮಾನದಂಡವಾಗಿ ಬಿಟ್ಟಿತು. ಒಂದು ಫೋಲ್ಡರ್, ಅದರೊಳಗೆ ಸ್ಕಿಲ್ ಡಾಟ್ ಎಂಡಿ ಅಂತ ಒಂದು ಫೈಲ್. ಪ್ರತಿ ಸಲ 'ಹೀಗೆ ಮಾಡು, ಹಾಗೆ ಮಾಡಬೇಡ' ಅಂತ ಗಿಳಿಪಾಠ ಒಪ್ಪಿಸುವ ಬದಲು ಒಂದೇ ಸಲ ಬರೆದಿಟ್ಟರೆ ಸಾಕು, ಬೇಕಾದಾಗ ಸಹಾಯಕ ತಾನೇ ತೆಗೆದು ಓದಿಕೊಳ್ಳುತ್ತದೆ.

ನಾನು ಉತ್ಸಾಹದಲ್ಲಿ ಒಂದು ಇಡೀ ಭಾನುವಾರ ಕೂತು ಬರೆದೆ. ಇಪ್ಪತ್ತು ವರ್ಷದ ಅನುಭವ ಎಲ್ಲ ಸುರಿದೆ. ಸೋಮವಾರ ಬೆಳಿಗ್ಗೆ ಒಂದು ಅಧ್ಯಾಯ ಅಂಟಿಸಿ 'ಇದನ್ನ ಸ್ವಲ್ಪ ನೋಡು' ಅಂದೆ. ಅದು ಸ್ಕಿಲ್ ಕಡೆ ತಿರುಗಿಯೂ ನೋಡದೆ ತನಗೆ ತೋಚಿದ ಹಾಗೆ ತಿದ್ದಿ ಕೊಟ್ಟಿತು. ಮಂಗಳವಾರವೂ ಅದೇ ಕತೆ. ಮೂರು ವಾರ ಹೀಗೇ. ನಾನು ಒಳಗಿನ ನಿಯಮಗಳನ್ನು ಇನ್ನಷ್ಟು ಜೋರು ಮಾಡಿದೆ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಅದಕ್ಕೆ ಸಾಲಿನ ಕೊನೆಗೆ ಮೂರು ಮೂರು ಉದ್ಗಾರ ಚಿಹ್ನೆ. 'ಕಡ್ಡಾಯವಾಗಿ ಪಾಲಿಸತಕ್ಕದ್ದು!!!' ಕುಂಭಕರ್ಣನ ಕಿವಿಯಲ್ಲಿ ಡೋಲು ಬಾರಿಸಿದ ಹಾಗೆ.

ತಪ್ಪು ಒಳಗೆ ಇರಲೇ ಇಲ್ಲ. ಸಹಾಯಕ ಮೊದಲು ಓದುವುದು ಫೈಲಿನ ನೆತ್ತಿಯ ಮೇಲಿರುವ ಎರಡೇ ಸಂಗತಿ: ಹೆಸರು ಮತ್ತು ವಿವರಣೆ. ಅದನ್ನು ನೋಡಿ, ಈ ಕೆಲಸಕ್ಕೆ ಇದು ಬೇಕು ಅನ್ನಿಸಿದರೆ ಮಾತ್ರ ಒಳಗಿನದನ್ನು ತೆರೆಯುತ್ತದೆ. ನನ್ನ ವಿವರಣೆ ಹೀಗಿತ್ತು: 'ಕನ್ನಡ ಪಠ್ಯಗಳ ಪರಿಷ್ಕರಣೆಗೆ ಸಂಬಂಧಿಸಿದ ಮಾರ್ಗಸೂಚಿ.' ಆಹಾ, ಸುತ್ತೋಲೆ! ಆದರೆ ನಾನು ಜನ್ಮದಲ್ಲಿ ಒಮ್ಮೆಯಾದರೂ 'ಈ ಪಠ್ಯವನ್ನು ಪರಿಷ್ಕರಿಸು' ಅಂತ ಟೈಪ್ ಮಾಡಿದ್ದೇನಾ? ನಾನು ಹೇಳುವುದು 'ಪ್ರೂಫ್ ನೋಡು', 'ಇದನ್ನ ನೋಡು', 'ಒತ್ತಕ್ಷರ ಸರಿ ಇದೆಯಾ'. ಹಾರ್ಲಿಕ್ಸ್ ಬಾಟಲಿಯಲ್ಲಿ ಉದ್ದಿನಬೇಳೆ ತುಂಬಿಟ್ಟು, ಸೊಸೆಗೆ ಬೇಳೆ ಸಿಗಲಿಲ್ಲ ಅಂತ ಬೈದ ಹಾಗಾಯಿತು.

ವಿವರಣೆಗೆ 1024 ಅಕ್ಷರ ಜಾಗ ಇದೆ. ನಾನು ಒಂದು ಸಾಲಿಗೇ ನಿಲ್ಲಿಸಿದ್ದೆ. ಆಮೇಲೆ ಹಳೆಯ ಚಾಟ್‌ಗಳನ್ನೆಲ್ಲ ತೆರೆದು, ನಾನು ನಿಜವಾಗಿ ಏನಂತ ಕೇಳಿದ್ದೆ ಅನ್ನುವುದನ್ನು ಹೆಕ್ಕಿ ಹೆಕ್ಕಿ ಅಲ್ಲಿ ಬರೆದೆ. ಅವತ್ತೇ ಎದ್ದಿತು.

ಎದ್ದಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಮುಂದಿನ ವಾರ ಕರೆಂಟ್ ಬಿಲ್ಲಿನ ಫೋಟೋ ಹಾಕಿ 'ಇದನ್ನ ನೋಡು, ಯಾಕೆ ಇಷ್ಟು ಬಂದಿದೆ' ಅಂದರೆ, ಬಿಲ್ಲಿನಲ್ಲಿದ್ದ ನಾಲ್ಕು ಕಾಗುಣಿತದ ತಪ್ಪು ಪಟ್ಟಿ ಮಾಡಿ ಕೊಟ್ಟಿತು. ಮೊತ್ತದ ಬಗ್ಗೆ ಚಕಾರ ಇಲ್ಲ. 'ಅಚ್ಚಿಗೆ ಹೋಗುವ ಬರಹ ಇದ್ದಾಗ ಮಾತ್ರ. ಬಿಲ್ಲು, ಪತ್ರ, ಮೆಸೇಜಿಗೆ ಬೇಡ' ಅಂತ ಸೇರಿಸಿದ ಮೇಲೆ ಹದಕ್ಕೆ ಬಂತು. ಯಾವಾಗ ಏಳಬೇಕು ಅನ್ನುವಷ್ಟೇ ಯಾವಾಗ ಮಲಗಿರಬೇಕು ಅನ್ನುವುದನ್ನೂ ಬರೆಯಬೇಕು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಒಂದು ತಿಂಗಳ ದುಡ್ಡು ಉಳಿಯುತ್ತಿತ್ತು.

ಇಲ್ಲಿಂದ ನನ್ನ ಸಿಟ್ಟು ಇಳಿಯತೊಡಗಿತು. ಕಾರಣ ಕಣ್ಣಿಗೇ ಕಾಣದ ಒಂದು ಅಕ್ಷರ.

'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಒಂದು ಅಗಲವೇ ಇಲ್ಲದ ಅಕ್ಷರ ಕೂತಿರುತ್ತದೆ. ಯುನಿಕೋಡಿನಲ್ಲಿ ಅದರ ಸಂಕೇತ ಯು+200ಸಿ. ಅದನ್ನು ತೆಗೆದರೆ 'ರಾಜ್ಕುಮಾರ್' ಆಗುತ್ತದೆ. ಜ ಕೆಳಗೆ ಕ ಒತ್ತು ಜೋತು ಬೀಳುತ್ತದೆ. ಸಹಾಯಕ ನನ್ನ ಕರಡನ್ನು 'ಸ್ವಚ್ಛ' ಮಾಡುವ ಹುರುಪಿನಲ್ಲಿ ಇವನ್ನೆಲ್ಲ ಗುಡಿಸಿ ಹಾಕುತ್ತಿತ್ತು. ನಾನು ನಿಯಮ ಬರೆದೆ: 'ರಾಜ್‌ಕುಮಾರ್, ಸಾಫ್ಟ್‌ವೇರ್ – ಇವನ್ನು ಬದಲಿಸಬೇಡ!!!' ಆ ಎರಡು ಉಳಿದವು. 'ಬ್ಯಾಂಕ್‌ನಲ್ಲಿ' ಹಾಳಾಯಿತು. ಅದನ್ನೂ ಸೇರಿಸಿದೆ. 'ಪಾರ್ಕ್‌ಗೆ' ಹಾಳಾಯಿತು. ಹೀಗೆ ಪಟ್ಟಿ ಬೆಳೆದು ಬೆಳೆದು ಸ್ಕಿಲ್ ಫೈಲ್ 700 ಸಾಲು ದಾಟಿತು. 500ರ ಒಳಗಿರಲಿ ಅನ್ನುವುದು ಸಾಮಾನ್ಯ ಸಲಹೆ.

ಒಂದು ದಿನ ಬೇಸತ್ತು ಪಟ್ಟಿ ಪೂರ್ತಿ ಅಳಿಸಿ, ಎದುರಿಗೆ ಹೊಸ ಹುಡುಗಿ ಕೂತಿದ್ದರೆ ಹೇಗೆ ಹೇಳುತ್ತಿದ್ದೆನೋ ಹಾಗೆ ಬರೆದೆ. 'ಬೇರೆ ಭಾಷೆಯ ಪದ ಅರ್ಧ ವ್ಯಂಜನದಲ್ಲಿ ಮುಗಿದು, ಮುಂದೆ ಇನ್ನೊಂದು ಪದವೋ ಪ್ರತ್ಯಯವೋ ಬಂದಾಗ ನಡುವೆ ಕಾಣದ ಅಕ್ಷರ ಇರುತ್ತದೆ. ಅದು ಹೋದರೆ ಎರಡೂ ಸೇರಿ ಒತ್ತಕ್ಷರ ಆಗುತ್ತದೆ, ಓದುವವರು ತಡವರಿಸುತ್ತಾರೆ. ಹಾಗಾಗಿ ಅದನ್ನು ಉಳಿಸು.' ನಾಲ್ಕು ಸಾಲು. ಉದ್ಗಾರ ಚಿಹ್ನೆ ಒಂದೂ ಇಲ್ಲ. ನಾನು ಹೆಸರೇ ಎತ್ತದಿದ್ದ 'ಫೇಸ್‌ಬುಕ್‌ನಲ್ಲಿ' ಕೂಡ ಎರಡೂ ಕಡೆ ಉಳಿದುಕೊಂಡಿತು. ಅವತ್ತು ಸುಮ್ನೆ ಒಬ್ಬಳೇ ನಕ್ಕೆ. ಯಾಕೆ ಅಂತ ಹೇಳಿದರೆ ಇದಕ್ಕೆ ಅರ್ಥ ಆಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಹಾಗಂತ ಪೂರ್ತಿ ನಂಬುವಂತಿಲ್ಲ. ಕಾಣದ ಅಕ್ಷರ ಎಣಿಸುವುದು ಇಂಥ ಸಹಾಯಕಗಳ ಕೈಲಾಗುವ ಕೆಲಸ ಅಲ್ಲ. 'ಎಲ್ಲ ಉಳಿದಿದೆ' ಅಂತ ಧೈರ್ಯವಾಗಿ ಹೇಳಿ, ಎರಡು ನುಂಗಿರುತ್ತದೆ. ಅದಕ್ಕೆ ಅಕ್ಕನ ಮಗನಿಂದ ಹತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್, ಅಂದರೆ ಒಂದು ಪುಟ್ಟ ಪ್ರೋಗ್ರಾಂ, ಬರೆಸಿ ಅದೇ ಫೋಲ್ಡರಿನಲ್ಲಿ ಇಟ್ಟೆ. ತಿದ್ದುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಿದೆ, ಎರಡೇ ಅಂಕಿ ಹೇಳುತ್ತದೆ. ಸಹಾಯಕ ಅದನ್ನು ಓಡಿಸಿ ಉತ್ತರ ಮಾತ್ರ ನೋಡಿದರೆ ಸಾಕು, ಸ್ಕ್ರಿಪ್ಟ್ ಓದಬೇಕಾಗಿಲ್ಲ. ಬುದ್ಧಿ ಬೇಕಾದ ಕಡೆ ಮಾತು, ಲೆಕ್ಕ ಬೇಕಾದ ಕಡೆ ಸ್ಕ್ರಿಪ್ಟ್. ಅಪರೂಪಕ್ಕೆ ಬೇಕಾಗುವ ಗ್ರಂಥಸೂಚಿಯ ನಿಯಮಗಳು ಬೇರೆ ಫೈಲಿಗೆ ಹೋದವು. ಈಗ ಮುಖ್ಯ ಫೈಲ್ 140 ಸಾಲು. ಸಹಾಯಕ ಪಠ್ಯವನ್ನು ಟೋಕನ್ ಅನ್ನುವ ಸಣ್ಣ ತುಣುಕುಗಳಲ್ಲಿ ಓದುತ್ತದೆ. ಕನ್ನಡ ಲಿಪಿ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ತಿನ್ನುತ್ತದೆ, ದಿನದ ಮಿತಿ ಬೇಗ ಮುಗಿಯುತ್ತದೆ. ಹಾಗಾಗಿ ನನ್ನಂಥವರಿಗೆ ಪ್ರತಿ ಸಾಲೂ ದುಡ್ಡೇ.

ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಹಿಂದಿನ ದಿನ ಅದು ಮಾಡಿದ ಒಂದು ತಪ್ಪನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಪೆನ್ಸಿಲಿನಲ್ಲಿ. ಫೈಲ್ ಮುಟ್ಟುವುದಿಲ್ಲ. ಶನಿವಾರ ನೋಟ್‌ಬುಕ್ ತೆರೆದು, ಎರಡು ಸಲಕ್ಕಿಂತ ಹೆಚ್ಚು ಬಂದ ತಪ್ಪಿದ್ದರೆ ಮಾತ್ರ ಫೈಲಿನಲ್ಲಿ ಒಂದು ಸಾಲು ಬದಲಿಸುತ್ತೇನೆ. ಆಮೇಲೆ ಹೊಸ ಚಾಟ್ ತೆರೆದು ಮೂರು ಹಳೆಯ ಪುಟ ಕೊಡುತ್ತೇನೆ. ಪ್ರತಿ ವಾರ ಅವೇ ಮೂರು: ಒಂದು ಕತೆ, ಒಂದು ಭಾಷಣ, ಒಂದು ವರದಿ. ಹಳೇ ಚಾಟ್‌ನಲ್ಲಿ ಪರೀಕ್ಷೆ ಮಾಡಬೇಡಿ. ಅಲ್ಲಿ ನೀವು ಆಗಲೇ ನೂರು ಮಾತು ಹೇಳಿರುತ್ತೀರಿ, ಕೆಲಸ ಮಾಡಿದ್ದು ಸ್ಕಿಲ್ಲೋ ನಿಮ್ಮ ಬೈಗುಳವೋ ಗೊತ್ತಾಗುವುದಿಲ್ಲ.

ಇನ್ನೂ ಸರಿಹೋಗದಿರುವುದು ನಮ್ಮ ಕಡೆಯ ಮಾತು. ಕತೆಯಲ್ಲಿ 'ಮನ್ಯಾಗ ಯಾರೂ ಇಲ್ರಿ' ಅಂತಿದ್ದರೆ ಕೈ ತುರಿಸಿ 'ಮನೆಯಲ್ಲಿ ಯಾರೂ ಇಲ್ಲ' ಮಾಡಿಬಿಡುತ್ತದೆ. ಉದ್ಧರಣ ಚಿಹ್ನೆಯ ಒಳಗಿನದನ್ನು ಮುಟ್ಟಬೇಡ ಅಂದರೆ ಕೇಳುತ್ತದೆ. ಆದರೆ ಇಡೀ ಕತೆಯನ್ನೇ ಆ ಮಾತಿನಲ್ಲಿ ಹೇಳುವ ಲೇಖಕರು ಇದ್ದಾರಲ್ಲ, ಅವರ ಪುಸ್ತಕಕ್ಕೆ ಸ್ಕಿಲ್ ಮುಚ್ಚಿಟ್ಟು ಕಣ್ಣಲ್ಲೇ ನೋಡುತ್ತೇನೆ. ಕಾರಣ ಬರೆದೆ, ಉದಾಹರಣೆ ಕೊಟ್ಟೆ. ಹತ್ತರಲ್ಲಿ ಎಂಟು ಸಲ ಸರಿ. ಲೇಖಕರಿಗೆ ಉಳಿದ ಎರಡನ್ನು ಏನಂತ ಹೇಳಲಿ?

ತಿಂಗಳಿಗೆ ಒಂದೋ ಎರಡೋ ಸಲ ಮಾಡುವ ಕೆಲಸಕ್ಕೆ ಇಷ್ಟು ರಾಮಾಯಣ ಬೇಡ, ಮಾಮೂಲಿ ಹಾಗೆ ಟೈಪ್ ಮಾಡಿ ಕೇಳಿ. ದಿನಾ ಅದೇ ಕೆಲಸ ಇದ್ದರೆ ಸರಿ. ನನಗೆ ಪುಟಕ್ಕೆ ಆರೇಳು ನಿಮಿಷ ಉಳಿಯುತ್ತಿದೆ, 2000 ವಾಪಸ್ ಬರುತ್ತಿದೆ.

ಹೋದ ತಿಂಗಳು ಒಬ್ಬ ಪ್ರಕಾಶಕರು 'ಆ ಫೈಲ್ ನಮಗೂ ಕಳಿಸ್ರಿ' ಅಂದರು. ಕಳಿಸಿದೆ. ಅವರ ಡಿಟಿಪಿ ಕೋಣೆಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದಾನೆ. ಅವನ ಕಂಪ್ಯೂಟರಿನಲ್ಲಿ ಎಐ ಗಿಐ ಏನೂ ಇಲ್ಲ. ಅವನು ಫೈಲನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದಾನಂತೆ. ಫೋನ್ ಮಾಡಿ, 'ಮೇಡಂ, ಎಲ್ಲಾ ತಿಳೀತು, 31ನೇ ಸಾಲು ಮಾತ್ರ ತಿಳೀವಲ್ದು' ಅಂದ. ತೆಗೆದು ನೋಡಿದೆ. ಎರಡು ತಿಂಗಳಿಂದ ಸಹಾಯಕ ಎಡವುತ್ತಿದ್ದದ್ದೂ ಅದೇ ಸಾಲಿನಲ್ಲಿ.